ಜೇಬಿಗೊಂದು ಪದ

ಜೂನ್ ೪

ಬೆಳಿಗ್ಗೆಯಿಂದ ಬರೀ ಕಾಜಾ, ಗುಂಡಿ. ಸ್ಕೂಲ್ ಯೂನಿಫಾರಂ ರಾಶಿ ಬಿದ್ದಿದೆ. ಮಷಿನ್ ಪಕ್ಕದಲ್ಲಿ ತಮ್ಮನ ಮಗಳು, ಗುಮ್ಮನಗುಸುಕಿ. ಬಂದಾಗಿನಿಂದ ಹೂಂ, ಊಹೂಂ ಬಿಟ್ಟರೆ ಮಾತಿಲ್ಲ. ಅವಳಿಗೊಬ್ಬ ತಮ್ಮ ಹುಟ್ಟಿದ್ದಾನೆ. ದಿನ ತುಂಬುವ ಮೊದಲೇ ಬಂದುಬಿಟ್ಟ. ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗಿದ್ದಾನೆ. ಇವಳ ಅಪ್ಪ ಅಮ್ಮ ಇಬ್ಬರೂ ಅಲ್ಲೇ. ಉಳಿಯುತ್ತಾನೋ ಇಲ್ಲವೋ, ಡಾಕ್ಟರೂ ಬಾಯಿ ಬಿಡುತ್ತಿಲ್ಲ. ಇವಳಿಗೆ ಏನು ಹೇಳಲಿ?

ಅದೇ ದಿನ, ಸಂಜೆ

ನಮ್ಮಪ್ಪ ನೆನಪಾದರು. ಅವರು ತುಳಿದ ಮಷಿನ್ನೇ ಇದು. ನಮಗೆ ಹೊಸ ಬಟ್ಟೆ ಹೊಲಿದರೆ ಜೇಬು ಖಾಲಿ ಕೊಡುತ್ತಿರಲಿಲ್ಲ. ಕಪ್ಪು ಚಿಂದಿಯ ಮೇಲೆ ಸೀಮೆಸುಣ್ಣದಲ್ಲಿ ಒಂದು ವಿಚಿತ್ರ ಪದ ಬರೆದು ಒಳಗಿಡುತ್ತಿದ್ದರು. ಆಡಿ ಓಡಿದರೆ ಅಳಿಸಿಹೋಗುತ್ತದೆ. ಅಷ್ಟರೊಳಗೆ ಯಾರ ಮೇಲಾದರೂ ಪ್ರಯೋಗಿಸಬೇಕು. ನಾನು ಟೀಚರ್‌ಗೇ 'ಎಡಬಿಡಂಗಿ' ಅಂದು ಬೆಂಚ್ ಹತ್ತಿದ್ದೆ. ಎಂಥ ಸುಖದ ದಿನಗಳು...

ಇವಳ ಫ್ರಾಕಿಗೆ ಜೇಬು ಹಚ್ಚಿದೆ. ಒಳಗೆ 'ಚಕ್ಕಳಮಕ್ಕಳ'. ಆಟದ ನಿಯಮವನ್ನೂ ಹೇಳಿಕೊಟ್ಟೆ.

ಜೂನ್ ೫

ಪ್ಯಾಂಟ್ ಒಯ್ಯಲು ಪಕ್ಕದ ಮನೆ ಮೇಷ್ಟ್ರು ಬಂದರು. ಇವಳು ಗಂಭೀರವಾಗಿ, "ಚಕ್ಕಳಮಕ್ಕಳ ಕೂತ್ಕೊಳ್ಳಿ, ಅತ್ತೆ ಬರ್ತಾಳೆ." ಪಾಪ, ಮಂಡಿ ನೋವಿನವರು — ನೆಲದ ಮೇಲೆ ಕೂತೇಬಿಟ್ಟರು. ಎಬ್ಬಿಸಲು ನಾವಿಬ್ಬರೂ ಬೇಕಾಯಿತು. ಹುಡುಗಿ ನಕ್ಕಳು.

ಜೂನ್ ೮

ನನ್ನ ಪದದ ಚೀಲ ಬರಿದಾಯಿತು. ತಮ್ಮನಿಗೆ ಫೋನ್ ಮಾಡಿದೆ.

"ತೂಕ ಏರಿಲ್ಲ ಅಕ್ಕ."

"ಹೆಸರು ಯೋಚಿಸಿದ್ರಾ?"

"ಬೇಡ ಅಕ್ಕ. ಹೆಸರಿಟ್ಟ ಮೇಲೆ ಏನಾದ್ರೂ ಆದ್ರೆ..."

ಮಾತು ತಿರುಗಿಸಿದೆ. "ನಿನ್ನ ನೀಲಿ ಚಡ್ಡಿ ಜೇಬಲ್ಲಿ ಅಪ್ಪ ಯಾವ ಪದ ಇಟ್ಟಿದ್ರೋ?"

"ತಿಪ್ಪರಲಾಗ. ಹೆಡ್‌ಮೇಷ್ಟ್ರ ಮುಂದೆ ಹಾಕಿ ತೋರ್ಸಕ್ಕೆ ಹೋಗಿ ಹಲ್ಲು ಮುರ್ಕೊಂಡೆ." ನಕ್ಕ. ಅವನ ನಗು ಕೇಳಿ ಎಷ್ಟು ದಿನವಾಗಿತ್ತು.

ಜೂನ್ ೯

ಆ ಪದ ಇವಳ ಜೇಬಿಗೆ ಹೋಗಿದ್ದೇ ತಡ, ಹಾಸಿಗೆಯ ಮೇಲೆ ಬೆಳಿಗ್ಗೆಯಿಂದ ತಿಪ್ಪರಲಾಗ. ದಿಂಬಿನ ಹತ್ತಿಯೆಲ್ಲ ಹೊರಗೆ. ಊಟಕ್ಕೆ ಕೂತಾಗ ಕೇಳಿದಳು, "ಪಾಪುಗೆ ಹೆಸರಿಲ್ವಾ?"

"ಇನ್ನೂ ಇಲ್ಲ ಕಣೇ."

"ಮತ್ತೆ ಹೇಗೆ ಕರೀತಾರೆ?"

ಫೋನ್ ಎತ್ತಿಕೊಂಡು ತನ್ನಪ್ಪನಿಗೆ ಹೇಳಿಯೇಬಿಟ್ಟಳು. "ಪಾಪು ಹೆಸರು ತಿಪ್ಪರಲಾಗ. ನಾನಿಟ್ಟಿದ್ದು." ಕೋಪವೋ, ಅಳುವೋ... ತಮ್ಮ ಫೋನ್ ಇಟ್ಟುಬಿಟ್ಟ.

ಜೂನ್ ೧೪

ಬರೆಯಲು ಮನಸ್ಸಾಗಲಿಲ್ಲ. ಆಸ್ಪತ್ರೆಯಲ್ಲಿ ಮಗುವಿಗೆ ಜ್ವರ. ಒಂದು ಅಂಗಿಯ ತೋಳುಗಳನ್ನು ತಿರುವುಮುರುವು ಹೊಲಿದು ಬಿಚ್ಚಿದೆ. ಇವಳು ಜೇಬಿಗೆ ಕೈಯನ್ನೂ ಹಾಕುತ್ತಿಲ್ಲ.

ಜೂನ್ ೧೫, ಮಧ್ಯಾಹ್ನ

ತಮ್ಮನ ಫೋನ್. ಹಲೋ ಇಲ್ಲ, ಅಕ್ಕ ಅನ್ನಲೂ ಇಲ್ಲ.

"ತಿಪ್ಪರಲಾಗ ಹಾಲು ಕುಡಿದ."

ಇಷ್ಟು ದಿನ 'ಮಗು' ಅನ್ನುವುದಕ್ಕೂ ಹೆದರುತ್ತಿದ್ದವನು. ಜ್ವರ ಇಳಿದಿದೆಯಂತೆ. ನರ್ಸಮ್ಮಂದಿರೂ ಹಾಗೇ ಕರೆಯುತ್ತಾರಂತೆ. ಇನ್ನೂ ಪೆಟ್ಟಿಗೆಯಲ್ಲೇ ಇದ್ದಾನೆ, ಇರಲಿ. ಅಪ್ಪನಾದವನು ಮಗನನ್ನು ಹೆಸರು ಹಿಡಿದು ಕರೆದ. ಕತ್ತರಿ ಪಕ್ಕಕ್ಕಿಟ್ಟು ಅತ್ತುಬಿಟ್ಟೆ. ಅಳು ನಿಲ್ಲಲಿ ಅಂತಲೇ ಬರೆಯುತ್ತಾ ಕೂತೆ, ನಿಲ್ಲುತ್ತಿಲ್ಲ.

ಬಾಗಿಲಲ್ಲಿ ಇವಳು. ಮುಖ ಬಿಳಿಚಿದೆ. "ಅತ್ತೆ, ಯಾಕೆ ಅಳ್ತಿದ್ದೀಯ? ಪಾಪು..."

ಅಯ್ಯೋ, ಇವಳಿಗಿನ್ನೂ ಹೇಳೇ ಇಲ್ಲ. ಬಾರೇ ಇಲ್ಲಿ, ನಿನ್ನ ತಮ್ಮ—