ಬೀಗದ ಪ್ರಶ್ನೆ

ಮೇ 11
ತರಬೇತಿಯ ಮೂರನೇ ಶನಿವಾರ. ಬಿಷಪ್‌ರ ಸಭಾಂಗಣದಲ್ಲಿ ನಾವು ಎಂಟು ಮಂದಿ. ಪಾದ್ರಿ, ಸಿಸ್ಟರ್ ಯಾರೂ ಇಲ್ಲ, ಎಲ್ಲ ಸಂಸಾರಸ್ಥರು. ರೇಡಿಯೊದವರು ಚರ್ಚಿನ ಬಗ್ಗೆ ಕೇಳಿದರೆ ಅದರ ಪರವಾಗಿ ನಾವು ಮಾತಾಡಬೇಕಂತೆ. ಕಲಿಸುವವರು ಕಟೆರೆಗ್ಗ, ಕಂಪಾಲಾದಲ್ಲಿ ಇಪ್ಪತ್ತು ವರ್ಷ ವಾರ್ತೆ ಓದಿದವರು. ಮೈಕ್ ಹಿಡಿದು ಕೇಳಿದರು: "ನಿಮ್ಮ ಪಾದ್ರಿಗಳು ಮದುವೆ ಯಾಕಾಗಲ್ಲ?" ಇತಿಹಾಸವೆಲ್ಲ ಒದರಿದೆ.
"ಪೆರ್ಪೆತುವಾ, ನಿಮ್ಮದು ಔಷಧಿ ಅಂಗಡಿ ಅಂತ ಊರಿಗೆಲ್ಲ ಗೊತ್ತಾಯ್ತು. ಚೀಟಿ ಓದಿದ ಹಾಗಿತ್ತು!"
ಎಲ್ಲರೂ ನಕ್ಕರು. ನಾನೂ.

ಮೇ 25
ಇವತ್ತು ಸರಾಗ. "ನಿಮ್ಮ ದನಿ ಕೇಳಿದ್ರೆ ಜನ ನಂಬ್ತಾರೆ" ಎಂದರು ಕಟೆರೆಗ್ಗ. ದಾರಿಯುದ್ದಕ್ಕೂ ಅದೇ ಗುಂಗು.
ಮಧ್ಯಾಹ್ನ ಮಿಷನ್ ಹೆಣ್ಣುಮಕ್ಕಳ ಶಾಲೆಯಲ್ಲಿ ಪೋಷಕರ ಸಮಿತಿ. ಹಾಸ್ಟೆಲಿನಿಂದ ಮೂವರು ಹುಡುಗಿಯರು ಕುಣಿತಕ್ಕೆಂದು ಪೇಟೆಗೆ ಓಡಿದ್ದರಂತೆ. ಹೊರಗಿನಿಂದ ಬೀಗ ಹಾಕೋಣ ಎಂದರು ಹೆಡ್ ಸಿಸ್ಟರ್. ವಾರ್ಡನ್ ಸ್ಕೊಲಾಸ್ಟಿಕಾ ಬಾಗಿಲ ಹತ್ತಿರ ನಿಂತೇ ಕೇಳಿದಳು: "ರಾತ್ರಿ ಏನಾದ್ರೂ ಆದ್ರೆ?"
"ಬೀಗದ ಕೈ ನಿನ್ನ ಸೊಂಟದಲ್ಲೇ ಇರುತ್ತಲ್ಲ" ಎಂದೆ. ಸಮಿತಿಯ ಒಂಬತ್ತು ಜನರೂ ಕೈ ಎತ್ತಿದೆವು. ಬೇಗ ಮುಗಿಯಿತು.

ಜುಲೈ 9
ಹಾಸ್ಟೆಲಿಗೆ ಬೆಂಕಿ. ನಿನ್ನೆ ರಾತ್ರಿ. ಆರು ಹುಡುಗಿಯರು... ಬಾಗಿಲ ಹತ್ತಿರವೇ, ಒಬ್ಬರ ಮೇಲೊಬ್ಬರು.
ನನ್ನ ಮಗಳು ಥೆಕ್ಲಾ ಅದೇ ಶಾಲೆಗೆ ಮನೆಯಿಂದಲೇ ಹೋಗಿಬರುವವಳು. ದೇವರಿಗೆ ಸ್ತೋತ್ರ ಎಂದು ಬಾಯಿಗೆ ಬಂತು. ಆಮೇಲೆ ನೆನಪಾಯಿತು, ಬೀಗಕ್ಕೆ ನಾನೂ ಕೈ ಎತ್ತಿದ್ದೆ.

ಜುಲೈ 10
ಕಟೆರೆಗ್ಗ ಫೋನ್. ನಾಳೆ ಹತ್ತಕ್ಕೆ ಜಿಲ್ಲಾ ರೇಡಿಯೊ, ನೇರ ಪ್ರಸಾರ. ನಾನೇ ಹೋಗಬೇಕು.
"ಬೀಗದ ಮಾತು ಬಂದ್ರೆ?"
"ತನಿಖೆ ನಡೀತಿದೆ ಅನ್ನಿ. ತಕ್ಷಣ ತಾಯಂದಿರ ದುಃಖದ ಕಡೆ ತಿರುಗಿ."
ಕೈ ಎತ್ತಿದ್ದನ್ನು ಹೇಳಲಿಲ್ಲ. ಹೇಳಬಹುದಿತ್ತು.

ಜುಲೈ 11
ಎರಡನೇ ಪ್ರಶ್ನೆಯೇ ಅದು. "ಬೀಗ ಹಾಕಿಸಿದ್ದು ಯಾರು, ನ್ಯಾಬೊ?" ಅಮ್ಮಾ ಎನ್ನುವ ಗೌರವದಲ್ಲೇ ಕೇಳಿದ ನಿರೂಪಕ. ದನಿ ನಡುಗಲಿಲ್ಲ. ತನಿಖೆ ಎಂದೆ. ತಾಯಂದಿರು ಎಂದೆ. ಆರೂ ಮಕ್ಕಳು ದೇವರ ಅಂಗೈಯಲ್ಲಿ ನೋವಿಲ್ಲದೆ ಮಲಗಿದ್ದಾರೆ ಎಂದೆ. ನಿರೂಪಕನ ಕಣ್ಣು ಒದ್ದೆ.
ಕಟೆರೆಗ್ಗ ಮೆಸೇಜ್: "ಇದಕ್ಕಿಂತ ಚೆನ್ನಾಗಿ ನಾನೂ ಹೇಳ್ತಿರಲಿಲ್ಲ."

ಜುಲೈ 13
ಆರು ಮಕ್ಕಳಲ್ಲಿ ಒಬ್ಬಳಾದ ರೆಜಿನಾಳ ಮಣ್ಣು. ಹದಿನಾಲ್ಕು ವರ್ಷ. ಪೆಟ್ಟಿಗೆ ತೆರೆಯಲಿಲ್ಲ. ಬಾಳೆತೋಟದ ಅಂಚಿನಲ್ಲಿ ಅವಳ ಅಮ್ಮ ನನ್ನ ಎರಡೂ ಕೈ ಹಿಡಿದಳು. "ನೀನು ರೇಡಿಯೊದಲ್ಲಿ ಹೇಳಿದ ಮಾತು ಹಿಡ್ಕೊಂಡೇ ಎದ್ದು ಕೂತಿದ್ದೀನಿ, ಪೆರ್ಪೆತ್."
ಬಾಳೆಕಾಯಿ, ಕಡಲೆಕಾಯಿ ಸಾರು ಬಡಿಸಿದರು. ನನ್ನ ತಟ್ಟೆಯನ್ನು ಪಕ್ಕದ ಹುಡುಗನಿಗೆ ದಾಟಿಸಿದೆ.

ಜುಲೈ 16
ಸ್ಕೊಲಾಸ್ಟಿಕಾಳನ್ನು ಪೊಲೀಸರು ಎಳೆದೊಯ್ದರು. ತನ್ನಿಷ್ಟಕ್ಕೆ ಬೀಗ ಹಾಕಿದಳು ಎಂದು ಕೇಸು. ಸಮಿತಿಯ ನಡಾವಳಿ ಪುಸ್ತಕ ಬೆಂಕಿಗೆ ಹೋಯಿತು ಎಂದರಂತೆ ಹೆಡ್ ಸಿಸ್ಟರ್. ಕಚೇರಿಗೆ ಬೆಂಕಿ ತಾಗಿಯೇ ಇಲ್ಲ! ಸಮಿತಿಯ ಇಬ್ಬರಿಗೆ ಫೋನ್ ಮಾಡಿದೆ. ಒಬ್ಬರು ಎತ್ತಲಿಲ್ಲ. ಇನ್ನೊಬ್ಬರಿಗೆ ಅಂಥ ಸಭೆಯೇ ನೆನಪಿಲ್ಲ.

ಜುಲೈ 17
ಠಾಣೆಗೆ ಗಂಜಿ, ಸುಟ್ಟಗಾಯದ ಮುಲಾಮು ಒಯ್ದೆ. ಕೆಂಪಗೆ ಕಾದ ಬೀಗ ತೆಗೆಯಲು ಹೋಗಿ ಅವಳ ಎರಡೂ ಅಂಗೈ ಬೆಂದಿವೆ. ಹಚ್ಚಿದೆ. ಅವಳು ಕೈ ಹಿಂದಕ್ಕೆ ಎಳೆಯಲಿಲ್ಲ.
"ರೇಡಿಯೊ ಇಲ್ಲಿಗೂ ಕೇಳ್ಸುತ್ತೆ, ನ್ಯಾಬೊ. ಚೆನ್ನಾಗಿ ಮಾತಾಡ್ತೀರಿ. ಅವತ್ತು ಕೋಣೇಲಿ ಎಷ್ಟು ಜನ ಇದ್ರಿ ಅಂತ ಮಾತ್ರ ಹೇಳೋಕೆ ಬರಲ್ಲ, ಅಲ್ವಾ?"
ಮುಲಾಮಿನ ಮುಚ್ಚಳ ಅಲ್ಲೇ ಮರೆತು ಬಂದೆ.

ಜುಲೈ 29
ಹನ್ನೊಂದು ದಿನ ಬರೆಯಲಿಲ್ಲ. ಏನೆಂದು ಬರೆಯಲಿ?
ಮತ್ತೆ ರೇಡಿಯೊ. ಈ ಸಲ ವಿಷಯ "ದುಃಖದಲ್ಲಿ ವಿಶ್ವಾಸ." ಮೊದಲ ಪ್ರಶ್ನೆಗೂ ಕಾಯಲಿಲ್ಲ. ಸಮಿತಿ ಸೇರಿತ್ತು, ಒಂಬತ್ತು ಕೈ ಎದ್ದವು, ಅದರಲ್ಲಿ ನನ್ನದೂ ಒಂದು ಎಂದೆ. ವಾರ್ಡನ್ ಒಬ್ಬಳೇ ಬೇಡ ಎಂದಿದ್ದಳು, ಅವಳ ಬಾಯಿ ಮುಚ್ಚಿಸಿದ್ದು ನಾನು ಎಂದೆ. ನಿರೂಪಕ ಗಾಬರಿಯಾಗಿ ಹಾಡು ಹಾಕಿದ.
ಅಂಗಳದಲ್ಲಿ ಕಟೆರೆಗ್ಗ. "ಇದಕ್ಕಾ ನಿಮಗೆ ಕಲಿಸಿದ್ದು? ಚರ್ಚಿನ ಮೈಕ್ ಹಿಡಿದು ಚರ್ಚಿಗೇ..."
"ಅವಳೂ ಚರ್ಚಿನವಳೇ, ಸ್ವಾಮಿ. ಲಾಕಪ್ಪಲ್ಲಿರೋಳು."
ಕಾರು ಹತ್ತಿ ಹೊರಟೇಬಿಟ್ಟರು. ಮನೆಗೆ ಬಾಡಿಗೆ ಬೈಕಿನಲ್ಲಿ ಬಂದೆ.

ಆಗಸ್ಟ್ 1
ಸ್ಕೊಲಾಸ್ಟಿಕಾಗೆ ಜಾಮೀನು. ಒಂಬತ್ತು ಜನಕ್ಕೂ ಸಮನ್ಸು. ಹೇಳಿಕೆ ಕೊಟ್ಟೆ, ಸಹಿ ಹಾಕಿದೆ. ತರಬೇತಿಗೆ ಇನ್ನು ಬರಬೇಡಿ ಎಂದು ಬಿಷಪ್ ಕಚೇರಿಯಿಂದ ಎರಡು ಸಾಲು. ಅಂಗಡಿಗೆ ಒಂದು ನರಪಿಳ್ಳೆಯೂ ಇಲ್ಲ. ಥೆಕ್ಲಾ ಶಾಲೆಯಿಂದ ಬಂದವಳು ಊಟ ಮುಟ್ಟಲಿಲ್ಲ. ಅಲ್ಲಿ ಏನು ಅಂದರು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಆಗಸ್ಟ್ 4, ಸಂಜೆ
ರೆಜಿನಾಳ ಅಮ್ಮ ಬಂದಿದ್ದಳು. ಬೈಯುತ್ತಾಳೆಂದುಕೊಂಡೆ, ಹೊಡೆದರೂ ಸರಿ ಎಂದುಕೊಂಡೆ. ಚಾಪೆ ಹಾಸಿದೆ. ಕೂರಲಿಲ್ಲ.
"ಒಂದೇ ಮಾತು ಕೇಳಿ ಹೋಗ್ತೀನಿ. ದೇವರ ಅಂಗೈಯಲ್ಲಿ ನೋವಿಲ್ಲದೆ ಮಲಗಿದ್ದಾಳೆ ಅಂದ್ಯಲ್ಲ. ಅದು ನಿನ್ನ ಮಾತಾ, ಅವರು ಕಲಿಸಿಕೊಟ್ಟಿದ್ದಾ?"
ಸುಳ್ಳು ಹೇಳಲು ಆಗಲಿಲ್ಲ. "ಕಲಿತದ್ದು" ಎಂದೆ.
ಬಾಗಿಲವರೆಗೆ ಹೋಗಿ ತಿರುಗಿದಳು. ಹೊರಗೆ ಯಾರದೋ ಆಡು ಕೂಗುತ್ತಿತ್ತು.
"ಹಾಗಾದ್ರೆ ಈಗ ನಿನ್ನ ಮಾತಲ್ಲಿ ಹೇಳು, ಪೆರ್ಪೆತ್. ಎಲ್ಲಿದ್ದಾಳೆ ನನ್ನ ಮಗಳು?"
ನಾನು ಅವಳ ಎರಡೂ ಕೈ ಹಿಡಿದು, "ಗೊತ್ತಿಲ್ಲ. ಬಾಗಿಲಿಗೆ ಬೀಗ ಹಾಕಿಸಿದ್ದು ನಾನು, ಅಷ್ಟೇ ಗೊತ್ತು" ಎಂದೆ.