ಅಡುಗೆಮನೆ ಕಿಟಕಿಗೆ ಕಾಣುವ ಶಾಲೆ

ಫೆಬ್ರವರಿ 11, ಬುಧವಾರ

ಇವತ್ತೂ ಎರಡು ಮನೆ. ಒಂದರಲ್ಲಿ ಬಚ್ಚಲ ಬಾಗಿಲು ಪೂರ್ತಿ ತೆರೆಯುವುದಿಲ್ಲ, ಇನ್ನೊಂದರಲ್ಲಿ ಪೂರ್ತಿ ಮುಚ್ಚುವುದಿಲ್ಲ. ಬ್ರೋಕರ್‌ಗೆ ಎರಡೂ ‘ಸೂಪರ್’. ಕಂಡದ್ದಕ್ಕೆಲ್ಲ ಅದೇ ಮಾತು. ನಮ್ಮನೆಯಲ್ಲಿ ಅವನಿಗೆ ಸೂಪರಣ್ಣ ಎಂದೇ ಹೆಸರು ಬಿದ್ದಿದೆ.

ಮನೆ ಹುಡುಕುತ್ತಿದ್ದೇವೋ ಶಾಲೆ ಹುಡುಕುತ್ತಿದ್ದೇವೋ ನಮಗೇ ಗೊತ್ತಿಲ್ಲ. ಯಾವ ಬೀದಿಯಲ್ಲಿ ಮನೆಯೋ ಆ ಬೀದಿಯ ಶಾಲೆಯಲ್ಲೇ ಸೀಟು, ಹಾಗಂತ ನಿಯಮ. ಹಾಗಾಗಿ ಎಲ್ಲಿ ಹೋದರೂ ಮೊದಲು ‘ಸೀಟ್ ಇದೆಯಾ’, ಆಮೇಲೆ ‘ನೀರು ಬರುತ್ತಾ’.

ಮಗಳ ಊಟದ ಡಬ್ಬಿ ಇವತ್ತೂ ಅರ್ಧ ವಾಪಸ್. ಹಸಿವಿರಲಿಲ್ಲವಂತೆ. ನಮ್ಮ ಬಟಾಣಿಗೆ ಹಸಿವಿಲ್ಲ ಎಂದರೆ ಯಾರು ನಂಬುತ್ತಾರೆ? ಅವಳ ಟೀಚರ್ ಹೇಳಿದ್ದೇ ಬೇರೆ — ಊಟದ ಹೊತ್ತಿಗೆ ಒಬ್ಬಳೇ ಕೂರುತ್ತಾಳೆ, ಯಾರೂ ಸೇರಿಸಿಕೊಳ್ಳುವುದಿಲ್ಲ. ಹೋದ ವರ್ಷವೂ ಇದೇ ಕಥೆ. ಹೊಸ ಶಾಲೆಯಿಂದ ನನಗೆ ಬೇಕಾದದ್ದು ಇಷ್ಟೇ, ಅವಳ ಪಕ್ಕ ಯಾರಾದರೂ ಕೂರಬೇಕು. ಇದನ್ನು ಯಾವ ಆಫೀಸಿನಲ್ಲಿ ವಿಚಾರಿಸುವುದು?

ಫೆಬ್ರವರಿ 17, ಮಂಗಳವಾರ

ಯಜಮಾನರಿಗೆ ಹೊಸ ಅಪಾರ್ಟ್‌ಮೆಂಟ್ ಹಿಡಿಸಿಬಿಟ್ಟಿದೆ. ಆ ಬೀದಿಗೆ ದೊಡ್ಡ ಶಾಲೆ, ಒಳ್ಳೇ ರಿಸಲ್ಟು, ಈಜುಕೊಳ… ಎಲ್ಲ ನೆಪ. ನಿಜವಾದ ಕಾರಣ ಲಿಫ್ಟ್. ಇವರು ಲಿಫ್ಟ್ ಮೆಕ್ಯಾನಿಕ್. ಮನೆ ನೋಡಲು ಹೋದವರು ಲಿಫ್ಟಿನ ಬಾಗಿಲು ಸವರುತ್ತಾ ನಿಂತುಬಿಟ್ಟರು. “ಎಷ್ಟು ಸ್ಮೂತಾಗಿದೆ ನೋಡೇ!” ಅಂಥ ಅಕ್ಕರೆಯಿಂದ ನನ್ನನ್ನು ನೋಡಿ ಯಾವ ಕಾಲವಾಯಿತೋ.

ದೊಡ್ಡ ಶಾಲೆಗೂ ಹೋಗಿಬಂದೆವು. ಊಟದ ಹೊತ್ತಿನಲ್ಲಿ ಮಕ್ಕಳನ್ನು ನೋಡಬಹುದಾ ಎಂದು ಕೇಳಿದೆ. ರಿಸೆಪ್ಷನ್‌ನಲ್ಲಿದ್ದಾಕೆ ಬ್ರೋಷರ್ ಕೊಟ್ಟಳು. ಅದರಲ್ಲಿ ಎಲ್ಲ ಮಕ್ಕಳದೂ ಒಂದೇ ಅಳತೆಯ ನಗು. ನನಗೆ ಸಮಾಧಾನವಾಗಲಿಲ್ಲ.

ಫೆಬ್ರವರಿ 20, ಶುಕ್ರವಾರ

ಹಳೇ ಕಟ್ಟಡ. ಮೂರನೇ ಮಹಡಿ. ಲಿಫ್ಟ್ ಇಲ್ಲ. ಎರಡನೇ ಮಹಡಿಗೇ ಇವರ ಮುಖ ಊದಿಕೊಂಡಿತು. “ಊರಿನ ಲಿಫ್ಟೆಲ್ಲ ರಿಪೇರಿ ಮಾಡಿ ನಾನು ಮನೆಗೆ ಮೆಟ್ಟಿಲು ಹತ್ಕೊಂಡು ಬರ್ಬೇಕಾ?”

ಆದರೆ ಆ ಅಡುಗೆಮನೆ ಕಿಟಕಿ! ಕೆಳಗೇ ಶಾಲೆಯ ಅಂಗಳ. ಚಿಕ್ಕ ಶಾಲೆ, ಬಣ್ಣ ಮಾಸಿದೆ. ನಾವು ನಿಂತಿದ್ದಾಗಲೇ ಊಟದ ಬೆಲ್ ಆಯಿತು, ಮಕ್ಕಳು ಹೊರಗೆ ನುಗ್ಗಿದರು. ಯಾರ ಮಾತೂ ಕೇಳಿಸುವುದಿಲ್ಲ, ಬರೀ ಗದ್ದಲ. ಆದರೆ ಕಾಣುತ್ತದೆ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳಿಗೆ “ಈಗ ಕಾಣುತ್ತಾ? ಈಗ?” ಎನ್ನುವವಳು ನಾನು. ಇವತ್ತು ಕಣ್ಣು ಕೀಲಿಸಿ ನಿಂತೆ.

“ಸಿಂಕು ಹೊಸದು ಮೇಡಂ. ಸೂಪರ್ ಸಿಂಕು.”

“ಸ್ವಲ್ಪ ಸುಮ್ನಿರಿ.”

ಫೆಬ್ರವರಿ 26, ಗುರುವಾರ

ಅದೇ ಮನೆಯನ್ನು ಮತ್ತೆ ನೋಡಿ ಬಂದೆ. ಊಟದ ಬಿಡುವಿಗೆ ಸರಿಯಾಗಿ. ಸೂಪರಣ್ಣ ತಲೆ ಕೆರೆದುಕೊಂಡ. “ಮೇಡಂ, ಈ ಮನೇಲಿ ಬೇರೆ ರೂಮುಗಳೂ ಇವೆ.”

ಒಬ್ಬ ಟೀಚರ್ ನೆಲದ ಮೇಲೇ ಕೂತು ಮಕ್ಕಳ ಜೊತೆ ಊಟ ಮಾಡುತ್ತಾರೆ. ಇಬ್ಬರು ಹುಡುಗರು ಕಿತ್ತಾಡಿದರು, ಬೆಲ್ ಆಗುವಷ್ಟರಲ್ಲಿ ಹೆಗಲ ಮೇಲೆ ಕೈ. ಮನಸ್ಸು ಹಗುರವಾಗುತ್ತಿತ್ತು…

ಆಗ ಕಂಡಳು. ನಲ್ಲಿಯ ಹತ್ತಿರ ಕಲ್ಲುಕಟ್ಟೆ, ಅದರ ಮೇಲೆ ಒಂದು ಹುಡುಗಿ. ನಮ್ಮ ಬಟಾಣಿಯಷ್ಟೇ ಎತ್ತರ. ತೊಡೆಯ ಮೇಲೆ ಡಬ್ಬಿ, ಆಚೀಚೆ ಯಾರೂ ಇಲ್ಲ. ನೆನಪಾಯಿತು, ಹಿಂದಿನ ಸಲವೂ ಅಲ್ಲೇ ಹಾಗೇ ಕೂತಿದ್ದಳು. ಅಂದರೆ ಇಲ್ಲೂ ಸೇರಿಸಿಕೊಳ್ಳುವುದಿಲ್ಲ.

ಬೇಡ ಈ ಶಾಲೆ. ಇವರಿಗೆ ಹೇಳಿದೆ, ಲಿಫ್ಟ್ ಇರುವ ಮನೆಯೇ ಆಗಲಿ. ಊಟ ಮುಗಿಯುವವರೆಗೂ ಅದರ ಮೋಟರ್ ವರ್ಣನೆ ಕೇಳಬೇಕಾಯಿತು.

ಮಾರ್ಚ್ 6, ಶುಕ್ರವಾರ

ನಾಳೆ ಲಿಫ್ಟ್ ಮನೆಗೆ ಅಡ್ವಾನ್ಸ್ ಕೊಡಬೇಕು. ಇವತ್ತು ಹಳೇ ಕಟ್ಟಡಕ್ಕೆ ಇನ್ನೊಮ್ಮೆ ಹೋದೆ, ಅಳತೆ ಟೇಪು ಬಿಟ್ಟುಬಂದಿದ್ದೆ. ಟೇಪೇನು ಮಹಾ, ಆ ಹುಡುಗಿ ಇನ್ನೂ ಒಬ್ಬಳೇ ಇದ್ದಾಳಾ ಎಂಬ ಕುತೂಹಲ. ಬಟಾಣಿಯ ಶಾಲೆಗೆ ರಜೆ, ಅವಳೂ ಬಂದಳು. ಅವಳಿಗೆ ಕಿಟಕಿ ಎಟುಕಲಿಲ್ಲ. ಎತ್ತಿ ಸಿಂಕಿನ ಪಕ್ಕ ಕೂರಿಸಿದೆ.

ಬೆಲ್. ಅದೇ ಕಟ್ಟೆ, ಅದೇ ಹುಡುಗಿ. ನಾನು ಬೇಡವೆಂದರೂ ಬಟಾಣಿ ಅತ್ತಲೇ ನೋಡಿದಳು.

“ಅಮ್ಮಾ, ಅವಳ ಪಕ್ಕ ಯಾರೂ ಇಲ್ಲ.”

“ಹೌದು ಪುಟ್ಟಾ. ಅದಕ್ಕೇ ಈ ಶಾಲೆ ಬೇಡ ಅಂತ…”

“ಯಾಕೆ? ಅಲ್ಲಿ ಸೀಟ್ ಇದೆಯಲ್ಲ!”

ಗಾಜಿಗೆ ಬೆರಳಿಟ್ಟು ಆ ಖಾಲಿ ಜಾಗ ತೋರಿಸಿದಳು. ಅವಳ ನೆತ್ತಿಗೆ ಮುತ್ತಿಟ್ಟೆ, ಇನ್ನೇನು ಮಾಡಲಿ. ಹಿಂದೆ ನಿಂತಿದ್ದ ಸೂಪರಣ್ಣ ಸೂಪರ್ ಎನ್ನುವುದನ್ನೂ ಮರೆತು ಟೇಪು ತಂದುಕೊಟ್ಟ.

ಸಂಜೆ ಇವರಿಗೆ ಹೇಳಿದೆ. ಅಡ್ವಾನ್ಸಿಗೆ ಎಣಿಸಿಟ್ಟ ದುಡ್ಡನ್ನು ಮತ್ತೆ ಬೀರುವಿನಲ್ಲಿಟ್ಟರು. ಆಮೇಲೆ, “ಮೂರೇ ಮಹಡಿ ಅಲ್ವಾ… ಹತ್ತೋಣ ಬಿಡು. ಹೊಟ್ಟೆನಾದ್ರೂ ಕರಗುತ್ತೆ.”

ಜೂನ್ 8, ಸೋಮವಾರ. ಮಧ್ಯಾಹ್ನ

ಮೊದಲ ದಿನ. ಅಂಗಡಿಗೆ ರಜೆ ಹಾಕಿದ್ದೇನೆ. ಪಾತ್ರೆಗಳೆಲ್ಲ ಇನ್ನೂ ರಟ್ಟಿನ ಪೆಟ್ಟಿಗೆಯಲ್ಲಿ. ಕಿಟಕಿಯ ಹತ್ತಿರ ನಿಂತೇ ಬರೆಯುತ್ತಿದ್ದೇನೆ.

ಬೆಲ್ ಆಯಿತು. ಆ ಹುಡುಗಿ ಕಟ್ಟೆಯ ಮೇಲೆ. ನಮ್ಮವಳೂ ಬಂದಳು — ಡಬ್ಬಿ ಎದೆಗವಚಿಕೊಂಡು ನೆಟ್ಟಗೆ ಅಲ್ಲಿಗೇ ಹೋದಳು. ಕೂತಳು. ಏನೋ ಕೇಳಿದಳು.

ಆ ಹುಡುಗಿ ಎದ್ದಳು. ಡಬ್ಬಿ ಮುಚ್ಚಿಕೊಂಡು ಹೊರಟೇಬಿಟ್ಟಳು.

ಅಯ್ಯೋ. ನನ್ನ ಕೂಸು ಒಬ್ಬಳೇ. ಅಲ್ಲೂ ಒಬ್ಬಳೇ, ಇಲ್ಲೂ ಒಬ್ಬಳೇ. ಏನು ಮಾಡಿಬಿಟ್ಟೆವು…

ಇಲ್ಲ, ತಿರುಗಿದಳು. ಕೈ ಬೀಸುತ್ತಿದ್ದಾಳೆ. ಬಾ ಬಾ ಎನ್ನುವ ಹಾಗೆ. ಬಟಾಣಿ ಓಡಿದಳು! ಡಬ್ಬಿಯ ಮುಚ್ಚಳ ಅಲ್ಲೇ ಬಿತ್ತು. ಇಬ್ಬರೂ ಕಟ್ಟಡದ ಹಿಂದಕ್ಕೆ ಹೋದರು. ಏನಿದೆ ಅಲ್ಲಿ? ಆ ಕಡೆ ಈ ಕಿಟಕಿಗೆ ಕಾಣುವುದಿಲ್ಲ. ಕುರ್ಚಿ ಹತ್ತಿದರೆ ಕಂಡೀತೇನೋ —