ಗೋಣಿಯಡಿಯ ಗಿಟಾರು

ಇವಳೇ,

ನೀನು ತೋಟಕ್ಕೆ ಹೋದ ಮೇಲೆ ಕಳಸದ ಬಸ್ಸಿಗೆ ಹೊರಟಿದ್ದೇನೆ. ಅಂಗಿಯ ಗುಂಡಿ ಹಾಕಲು ಬೆರಳು ಬಗ್ಗಲಿಲ್ಲ. ಮೇಲೆ ಕೋಟು ಹಾಕಿಕೊಂಡೆ, ಯಾರಿಗೂ ಕಾಣೋದಿಲ್ಲ.

ರೊಟ್ಟಿ ತಿಂದಿದ್ದೇನೆ. ಅಂಗಳದ ಕಾಫಿ ಒಂದು ಸಲ ಮಗುಚಿ ಹಾಕು.

ಉಗ್ರಾಣದಲ್ಲಿ ಗೋಣಿಚೀಲದ ಅಡಿ ನೀನು ಇಟ್ಟಿರುವ ಗಿಟಾರು ತೆಗೆದು ಒಣಬಟ್ಟೆಯಲ್ಲಿ ಒರೆಸಿಡು. ಕಣ್ಣಿಗೆ ಬಿದ್ದರೆ ಬಾರಿಸಿ ನೋವು ಮಾಡಿಕೊಳ್ಳುತ್ತೇನೆ ಅಂತ ನೀನು ಬಚ್ಚಿಟ್ಟೆ, ನನಗೆ ಗೊತ್ತು. ಬೈಯುತ್ತಿಲ್ಲ. ಆದರೆ ಭಜನೆಯವರಿಗೆ "ಅವ್ರ ಕೈ ಆಗೋದಿಲ್ಲ, ಇನ್ನು ಕರೀಬೇಡಿ" ಅಂದೆಯಲ್ಲ, ಅದು ಬೇಡವಾಗಿತ್ತು. ಮೊದಲು ಶನಿವಾರ ಸಂಜೆ ಭಜನೆಗೆ ಹೋಗುವಾಗ ಮಂಜಯ್ಯ ಗೇಟಲ್ಲೇ ನಿಂತು "ಬಾರೋ ಮಾರಾಯ, ದೇವ್ರಿಗೆ ನಿದ್ದೆ ಬಂತು" ಅಂತ ಕೂಗುತ್ತಿದ್ದ. ಈಗ ನಮ್ಮ ಗೇಟು ಬಂದಾಗ ಎಲ್ಲರೂ ಮಾತು ನಿಲ್ಲಿಸಿ ಮೆಲ್ಲಗೆ ದಾಟುತ್ತಾರೆ, ಸಾವಿನ ಮನೆ ಮುಂದೆ ಹೋದ ಹಾಗೆ. ನಾನು ಒಳಗೆ ಕೂತು ಆ ಚಪ್ಪಲಿ ಸದ್ದು ಕೇಳುತ್ತೇನೆ.

ಕಳಸದ ಗ್ಯಾರೇಜಿನ ರಜಬ್ ಸಾಬರು ಹಿತ್ತಾಳೆ ಕೊಳವೆಯ ತುಂಡು ಕತ್ತರಿಸಿ ಕೊಡುತ್ತೇನೆ ಅಂದಿದ್ದಾರೆ. ಗಿಟಾರನ್ನು ತೊಡೆಯ ಮೇಲೆ ಮಲಗಿಸಿ ಆ ತುಂಡನ್ನು ತಂತಿಯ ಮೇಲೆ ಜಾರಿಸಿದರೆ ಸಾಕಂತೆ, ಬೆರಳು ಒತ್ತಬೇಕಿಲ್ಲ. ಈ ವಯಸ್ಸಿಗೆ ಕಲಿಯಲು ಬಂದೀತೋ ಇಲ್ಲವೋ.

ಇವತ್ತು ಶನಿವಾರ. ಬಸ್ಸು ತಡವಾದರೆ ನೀನೇ ಗೇಟಿನ ಹತ್ತಿರ ನಿಂತಿರು. ಮಂಜಯ್ಯನಿಗೆ ಬೇರೇನೂ ಹೇಳಬೇಡ. ಮೊದಲಿನ ಹಾಗೆ ಒಂದು ಸಲ ಕೂಗಿ ಹೋಗು ಅನ್ನು. ನಾನು ಮನೆಯಲ್ಲಿ ಇಲ್ಲದಿದ್ದರೂ ಸರಿ.